ಇಲ್ಲಿ ‘ಒಪ್ಪ್’ ಅಂದರೆ ಸಹಿ

ಕಾಸರಗೋಡಿನ ಕನ್ನಡದವರಿಗೆ ಕಾನೂನಿನ ರಕ್ಷಣೆ ಇದೆಯಲ್ಲ, ಮತ್ತೆ ತಕರಾರು ಯಾಕೆ ಎಂದು ಕೇಳಿದ್ದೀರಿ. ಕಾನೂನು ಇರುವುದು ನಿಜ. 1956ರ ನವೆಂಬರ್ 1ರಂದು ನಮ್ಮ ಊರುಗಳು ಕೇರಳಕ್ಕೆ ಸೇರಿದವು. 1969ರಲ್ಲಿ ಬಂದ ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಮಾತಾಡುವವರಿಗೆಂದೇ ಒಂದು ಮಾತಿದೆ. ಇಲ್ಲಿನ ಸರ್ಕಾರಿ ಕಚೇರಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಒಳ್ಳೆಯ ಮಾತು. ಆದರೆ ಅದು ತಿರುವನಂತಪುರದಿಂದ ಊರಿನ ಕಂದಾಯ ಕಚೇರಿಯಾದ ವಿಲ್ಲೇಜ್ ಆಫೀಸಿನ ಮೇಜಿನವರೆಗೆ ಬಂದು ಮುಟ್ಟಬೇಕಲ್ವಾ?

ನಮ್ಮ ಮನೆ ಮಂಜೇಶ್ವರದ ಕಡೆ. ಪಕ್ಕದ ಮನೆಯ ದೊಡ್ಡಮ್ಮನ ಗಂಡ ತೀರಿಕೊಂಡಾಗ ವಾರಸುದಾರರ ಸರ್ಟಿಫಿಕೇಟಿಗೆ ಅರ್ಜಿ ಹಾಕಲು ನಾನೇ ಜೊತೆಗೆ ಹೋಗಿದ್ದೆ. ದೊಡ್ಡಮ್ಮ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಫಾರಂ ಪೂರ್ತಿ ಮಲಯಾಳದಲ್ಲಿತ್ತು. ನಾನು ಓದಿ ಹೇಳತೊಡಗಿದೆ. ‘ಅಪೇಕ್ಷ’ ಅಂದರೆ ಅರ್ಜಿ. ‘ಅವಕಾಶಿ’ ಅಂದರೆ ವಾರಸುದಾರ. ಕೊನೆಗೆ ‘ಒಪ್ಪ್’ ಎಂದಾಗ ದೊಡ್ಡಮ್ಮ ಪೆನ್ನು ಕೆಳಗಿಟ್ಟರು.

“ಎಂತದಕ್ಕೆ ಒಪ್ಪುವುದು ಮಗಾ? ಅದರಲ್ಲಿ ಎಂತ ಬರೆದಿದ್ದಾರೆ, ಮೊದಲು ಹೇಳು.”

ಒಪ್ಪ್ ಅಂದರೆ ಸಹಿ ಎಂದು ವಿವರಿಸಿದೆ. ಆದರೆ ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಗಂಡನ ವಾರಸುದಾರರು ಯಾರ್ಯಾರು ಎಂದು ಹೇಳುವ ಕಾಗದ ಅದು. ತನಗೆ ಓದಲು ಬಾರದ ಆ ಕಾಗದಕ್ಕೆ ಬರೀ ನನ್ನ ಮಾತು ನಂಬಿ ಸಹಿ ಹಾಕಬೇಕಿತ್ತು. ನನ್ನ ಜಾಗದಲ್ಲಿ ಮೋಸ ಮಾಡುವವನೊಬ್ಬ ಇದ್ದಿದ್ದರೆ?

ಅದೇ ಕಚೇರಿಯಲ್ಲಿ ಅದಕ್ಕೂ ಮೊದಲು ಕನ್ನಡ ಬಲ್ಲ ಕ್ಲರ್ಕ್ ಒಬ್ಬರಿದ್ದರು. ನಮ್ಮ ಜಿಲ್ಲೆಗೆಂದು ಕನ್ನಡ, ಮಲಯಾಳ ಎರಡೂ ಬಲ್ಲ ಕ್ಲರ್ಕುಗಳನ್ನು ಕೇರಳದ ಲೋಕಸೇವಾ ಆಯೋಗ (ಪಿಎಸ್‌ಸಿ) ಬೇರೆಯಾಗಿ ಆರಿಸುತ್ತದೆ. ಆ ಕ್ಲರ್ಕ್ ಫಾರಂನ ಒಂದು ಪ್ರತಿ ತೆಗೆದುಕೊಂಡು, ಪ್ರತಿ ಸಾಲಿನ ಕೆಳಗೆ ನೀಲಿ ಪೆನ್ನಿನಲ್ಲಿ ಕನ್ನಡ ಬರೆದು ಮೇಜಿನ ಗಾಜಿನಡಿ ಇಟ್ಟಿದ್ದರು. ಬಂದವರು ಬಗ್ಗಿ ಅದನ್ನು ಓದಿಕೊಂಡು ತಮ್ಮ ಫಾರಂ ತಾವೇ ತುಂಬುತ್ತಿದ್ದರು. ನನ್ನ ಲೆಕ್ಕದಲ್ಲಿ 1969ರ ಕಾನೂನು ನಮ್ಮೂರಿಗೆ ಬಂದು ಮುಟ್ಟಿದ್ದು ಆ ಒಂದು ಹಾಳೆಯಲ್ಲಿ. ಅವರಿಗೆ ವರ್ಗವಾಯಿತು. ಆಮೇಲೆ ಬಂದವರಿಗೆ ಕನ್ನಡ ಗೊತ್ತಿರಲಿಲ್ಲ. ದೊಡ್ಡಮ್ಮನ ಜೊತೆ ನಾನು ಹೋದಾಗ ಗಾಜಿನಡಿ ಆ ಹಾಳೆಯೂ ಇರಲಿಲ್ಲ.

ಹೊಸಬರ ಮೇಲೆ ನನಗೆ ಸಿಟ್ಟಿಲ್ಲ. ದೂರದ ಜಿಲ್ಲೆಯಿಂದ ಬಂದವರು. ಕನ್ನಡದ ಅರ್ಜಿ ಕೈಗೆ ಬಂದರೆ ಅವರಿಗೂ ಕಷ್ಟವೇ, ಓದಿಸಲು ಇನ್ನೊಬ್ಬರನ್ನು ಹುಡುಕಬೇಕು. ಮಲಯಾಳದ ಮೇಲಂತೂ ಯಾವ ದ್ವೇಷವೂ ಇಲ್ಲ. ನಮ್ಮ ಅಂಗಡಿ, ಬಸ್ಸು, ಮದುವೆ ಮನೆ ಎಲ್ಲ ಕಡೆ ತುಳು, ಕನ್ನಡ, ಮಲಯಾಳ ಬೆರೆತೇ ನಡೆಯುತ್ತವೆ. ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಸಭೆಯಲ್ಲಿ ನಮ್ಮ ಹೆಂಗಸರು ಮಾತಾಡುವುದು ತುಳುವಿನಲ್ಲಿ. ಸರ್ಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗಿಯೂ ಕನ್ನಡದಲ್ಲೇ ಕೇಳಿ ಟೈಪ್ ಮಾಡುತ್ತಾಳೆ. ಬಾಯಿಮಾತಿಗೆ ತೊಂದರೆ ಜಾಸ್ತಿ ಇಲ್ಲ. ಕಾಗದಕ್ಕೆ ಬಂದಾಗಲೇ ನಾವು ಇನ್ನೊಬ್ಬರ ಕೈ ನೋಡಬೇಕು.

ಹಾಗಾಗಿ ನಾವು ಕೇಳುವುದು ಹೊಸ ಕಾನೂನನ್ನಲ್ಲ. ಮಲಯಾಳದ ಸಾಲಿನ ಕೆಳಗೆ ಒಂದು ಕನ್ನಡದ ಸಾಲು ಅಚ್ಚಾಗಲಿ. ಕನ್ನಡ ಬಲ್ಲ ಕ್ಲರ್ಕಿಗೆ ವರ್ಗವಾದರೆ ಆ ಕುರ್ಚಿಗೆ ಕನ್ನಡ ಬಲ್ಲವರೇ ಬರಲಿ.

ದೊಡ್ಡಮ್ಮನ ಸರ್ಟಿಫಿಕೇಟ್ ಬಂತು. ಅದರಲ್ಲಿರುವುದನ್ನೆಲ್ಲ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಂಡರು. ಕನ್ನಡಕ ಹಾಕಿ ಎರಡು ಸಲ ಓದಿದರು. ಆಮೇಲೆ ಚೀಟಿಯನ್ನು ಸರ್ಟಿಫಿಕೇಟಿಗೆ ಗುಂಡುಪಿನ್ನು ಚುಚ್ಚಿ ಸೇರಿಸಿ, ಎರಡನ್ನೂ ಪೆಟ್ಟಿಗೆಯಲ್ಲಿಟ್ಟರು.