ಬೆಳ್ಳಿ ತಂತಿಯ ಹೆಣಿಗೆ: ಎಳೆ ತುಂಡಾಗುವುದೇಕೆ?

ಪ್ರಶ್ನೆ: ಉಣ್ಣೆಯಲ್ಲಿ ಸರಾಗವಾಗಿ ಹೆಣೆಯುತ್ತೇನೆ. ಬೆಳ್ಳಿ ತಂತಿಯಲ್ಲಿ ಹಾರ ಹೆಣೆಯುವಾಗ, ತಪ್ಪಾದ ಸಾಲನ್ನು ಬಿಚ್ಚಿ ಮತ್ತೆ ಹೆಣೆದರೆ ತಂತಿ ತುಂಡಾಗುತ್ತದೆ. ತಂತಿ ಕಳಪೆಯೇ? ಗ್ಯಾಸ್ ಒಲೆಯ ಉರಿಯಲ್ಲಿ ಕಾಯಿಸಿದರೆ ಮೆದುವಾಗುವುದೇ?
– ಓದುಗರು, ಡೊಂಬಿವಲಿ

ಉತ್ತರ: ಈ ಪ್ರಶ್ನೆ ನನಗೆ ಪದೇಪದೇ ಬರುತ್ತಿದೆ, ಬಿಚ್ಚಿ ಹೆಣೆಯುವುದನ್ನು ನಿಲ್ಲಿಸದವರೇ ಮತ್ತೆ ಕೇಳುತ್ತಾರೆ. ನಿಮ್ಮ ತಂತಿಯಲ್ಲಿ ದೋಷವಿಲ್ಲ. ಲೋಹ ಬಾಗಿದಾಗಲೆಲ್ಲ ಅದರ ಹರಳುಗಳ ಒಳರಚನೆ ಸಿಕ್ಕುಗಟ್ಟಿ ಎಳೆ ಗಡಸಾಗುತ್ತದೆ. ಒಮ್ಮೆ ಕುಣಿಕೆಯಾದದ್ದನ್ನು ನೇರ ಮಾಡಿ ಮತ್ತೆ ಬಾಗಿಸಿದರೆ, ಕೆಲವೇ ಸಲಕ್ಕೆ ಅದೇ ಜಾಗದಲ್ಲಿ ಮುರಿಯಬಹುದು. ಆದ್ದರಿಂದ ತಪ್ಪಾದ ಸಾಲನ್ನು ಬಿಚ್ಚದೆ ಕತ್ತರಿಸಿ, ಹೊಸ ಎಳೆಯನ್ನು ಹಳೆಯದರ ಜೊತೆಗೇ ಕೆಲವು ಕುಣಿಕೆಗಳಷ್ಟು ಹೆಣೆದು ಮುಂದುವರಿಸಿ, ಗಂಟು ಹಾಕಬೇಡಿ. ಕುಣಿಕೆಗಳನ್ನು ಸಡಿಲವಾಗಿ, ಉಕ್ಕಿನ ಕಡ್ಡಿಯ ಮೇಲೆ ಹಾಕಿ. ಬಿದಿರಿನ ಕಡ್ಡಿಯನ್ನು ತಂತಿ ಕೊರೆಯುತ್ತದೆ. ಕೆಲಸ ಮುಗಿದ ಮೇಲೆ ಹೆಣಿಗೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಿತವಾಗಿ ಎಳೆಯಿರಿ. ಆಗ, ಇಷ್ಟು ಹೊತ್ತು ನಿಮ್ಮನ್ನು ಕಾಡಿದ ಅದೇ ಗಡಸುತನ ಆಭರಣದ ಆಕಾರವನ್ನು ಹಿಡಿದಿಡುತ್ತದೆ.

ಕೊಳ್ಳುವಾಗ ಶೇ. 99.9 ಶುದ್ಧತೆಯ ಮೆದು ಬೆಳ್ಳಿಯನ್ನೇ ಕೇಳಿ. 92.5ರ ಬೆಳ್ಳಿಗೆ ಸಾಮಾನ್ಯವಾಗಿ ತಾಮ್ರ ಬೆರೆತಿರುವುದರಿಂದ ಅದು ಬೇಗ ಬಿರುಸಾಗುತ್ತದೆ. ತಂತಿಯ ದಪ್ಪ ಸೂಚಿಸುವ ಗೇಜ್ ಸಂಖ್ಯೆಯನ್ನು ನಂಬಬೇಡಿ: ಅಮೆರಿಕದ 28 ಗೇಜ್ ಎಂದರೆ 0.32 ಮಿ.ಮೀ., ಬ್ರಿಟಿಷ್ ಪದ್ಧತಿಯ 28 ಎಂದರೆ 0.376 ಮಿ.ಮೀ. ವಿದೇಶಿ ಮಾದರಿ ನೋಡಿ ಮುಂಬೈನ ಝವೇರಿ ಬಜಾರಿಗೆ ಹೋಗುವವರು ಮಿಲಿಮೀಟರಿನಲ್ಲೇ ಕೇಳಬೇಕು.

ಒಲೆಯ ಸಲಹೆ ಕೊಟ್ಟವರನ್ನು ದಯವಿಟ್ಟು ದೂರವಿಡಿ. ಬೆಳ್ಳಿ 961 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಉರಿಯ ಶಾಖ ಅದಕ್ಕಿಂತ ಹೆಚ್ಚು. ಕೂದಲಿನಷ್ಟು ತೆಳುವಾದ ಎಳೆ ಕಣ್ಣೆದುರೇ ಗುಂಡಾಗಬಹುದು. ಬಣ್ಣದ ಲೇಪವಿರುವ ತಾಮ್ರದ ತಂತಿಯನ್ನಂತೂ ಕಾಯಿಸಲೇಬಾರದು, ಅದರ ಹೊಗೆ ವಿಷಕಾರಿ. ಆದರೆ ಅಭ್ಯಾಸಕ್ಕೆ ಆ ಅಗ್ಗದ ತಂತಿಯೇ ಯೋಗ್ಯ, ಅದನ್ನು ಕೀಳೆಂದು ಭಾವಿಸಬೇಡಿ. ಅಮೆರಿಕದ ಕಲಾವಿದೆ ಆರ್ಲೀನ್ ಫಿಶ್ ಲೇಪಿತ ತಾಮ್ರದ ತಂತಿಯಿಂದಲೇ ಜೆಲ್ಲಿ ಮೀನುಗಳ ಕಲಾಕೃತಿಗಳನ್ನು ರೂಪಿಸಿದ್ದರು.

ಪ್ರಶ್ನೆ: ತಾಮ್ರದ ತಂತಿಯ ಕಡಗ ಸಂಧಿವಾತವನ್ನು ಗುಣಪಡಿಸುವುದೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಇಲ್ಲ. ಅಂಥ ಮಾತಿನಿಂದ ಕಡಗ ಮಾರುವವರನ್ನು ನಂಬದೆ ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ಕಪ್ಪಾದ ಹೆಣಿಗೆಯನ್ನು ಟೂತ್‌ಪೇಸ್ಟಿನಿಂದ ಉಜ್ಜಬಹುದೇ?
– ಓದುಗರು, ಠಾಣೆ

ಉತ್ತರ: ಖಂಡಿತ ಬೇಡ, ಗೀರು ಬೀಳುತ್ತದೆ, ಕುಣಿಕೆಗಳಲ್ಲಿ ಕುಳಿತ ಪುಡಿ ಹೊರಬರುವುದೂ ಇಲ್ಲ.

ಪ್ರಶ್ನೆ: ಬೆಳ್ಳಿಯ ಜೊತೆ ಉಣ್ಣೆ ಸೇರಿಸಿದ ಪದಕ ಮಡಗಾಂವಿನ ಮಳೆಗಾಲದಲ್ಲಿ ಕಪ್ಪಾಯಿತು. ಏನು ಮಾಡಲಿ?
– ಓದುಗರು, ಗೋವಾ

ಉತ್ತರ: ತೇವದ ಪಾತ್ರ ಇದ್ದೇ ಇದೆ, ಆದರೆ ಉಣ್ಣೆಯ ಕೆರಾಟಿನ್ ಎಂಬ ಪ್ರೋಟೀನ್‌ನಲ್ಲಿ ಗಂಧಕವಿದೆ, ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕವೇ. ಹತ್ತಿ ಅಥವಾ ರೇಷ್ಮೆಯ ಎಳೆ ಬಳಸಿ; ಬೆಸುಗೆ, ಆಮ್ಲದ ತೊಳೆತ, ಹೊಳಪು ಎಲ್ಲ ಮುಗಿದ ಮೇಲೆಯೇ ಅದನ್ನು ಸೇರಿಸಿ.