ಅಕ್ಕ, ಮೊದಲು ಕತ್ತರಿ, ಆಮೇಲೆ ಪ್ರಿಂಟ್

ಅಕ್ಕ, ನಮ್ಮ ಬಟ್ಟೆ ಪ್ರಿಂಟಿನ ಗುಂಪಿನಲ್ಲಿ ನಿಮ್ಮ ಫೋಟೋ ನೋಡಿ ಸುಮ್ನೆ ಕೂರಲಿಕ್ಕೆ ಆಗಲಿಲ್ಲ. ಎರಡೂವರೆ ಮೀಟರ್ ಬಿಳಿ ಕಾಟನ್. ಅದಕ್ಕೆ ಕಣ್ಣು, ಚಿಟ್ಟೆ, ದಾಸವಾಳ, ಕರಗುವ ಗಡಿಯಾರ, ಎಲ್ಲ ಎರಡೆರಡು ಇಂಚಿನ ಸ್ಕ್ರೀನ್ (ಬಣ್ಣ ಎಳೆಯುವ ಜಾಲರಿ ಅಚ್ಚು). "ನಾಳೆ ಇಡೀ ಬಟ್ಟೆಗೆ ಹೊಡೆದು ಟೈಲರ್‌ಗೆ ಕೊಡ್ತೇನೆ, ಕನಸಿನ ಹಾಗಿನ ಸರ್ರಿಯಲ್ ಪ್ರಿಂಟ್, ಕುರ್ತಿ ಬೋಲ್ಡಾಗಿ ಕಾಣಬಹುದಾ?" ಅಂತ ಕೇಳಿದ್ದೀರಿ. ಕಾಣುವುದಿಲ್ಲ. ಹತ್ತು ಅಡಿ ದೂರದಿಂದ ಪುಡಿ ಪುಡಿ ಚುಕ್ಕಿ ಕಾಣ್ತದೆ, ಅಷ್ಟೇ. ನಾಳೆಯ ಕೆಲಸ ಸ್ವಲ್ಪ ನಿಲ್ಲಿಸಿ.

ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದು. ನನ್ನದು ಗೇರುಹಣ್ಣು. ನಮ್ಮ ಗುಡ್ಡದ ತುಂಬ ಅದೇ ಅಲ್ವಾ. ಐದು ಇಂಚಿನ ಹಣ್ಣು, ಕೆಂಪು ಹಳದಿ, ಹಾಫ್ ಡ್ರಾಪ್‌ನಲ್ಲಿ, ಅಂದರೆ ಪಕ್ಕದ ಸಾಲನ್ನು ಅರ್ಧ ಕೆಳಗಿಳಿಸಿ, ಇಡೀ ಬಟ್ಟೆಗೆ ಹೊಡೆದೆ. ಜಗಲಿಯಲ್ಲಿ ಹರಡಿದಾಗ ನೋಡಬೇಕಿತ್ತು, ಎಷ್ಟು ಚೆಂದ! ಟೈಲರ್‌ಗೆ ಕೊಟ್ಟು ಬಂದೆ. ಏನೂ ಹೇಳಲಿಲ್ಲ. ಅದೇ ತಪ್ಪು. ಅವರು ಬಟ್ಟೆ ಉಳಿಸಲಿಕ್ಕೆ ಹಿಂದಿನ ಪೀಸನ್ನು ತಿರುಗಿಸಿ ಹಾಕಿ ಕತ್ತರಿಸಿದರು. ಹಿಂದೆ ಪೂರಾ ಹಣ್ಣುಗಳು ತಲೆಕೆಳಗು, ಬೀಜ ಮೇಲೆ. ಮುಂದೆ ಅದಕ್ಕಿಂತ ಕಷ್ಟ. ಎರಡು ಹಣ್ಣು ಸರಿಯಾಗಿ ಎದೆಯ ಮೇಲೆ ಬಂದು ಕೂತವು, ಎಡಕ್ಕೊಂದು ಬಲಕ್ಕೊಂದು. ಡಾರ್ಟ್ (ಮೈಗೆ ಕೂರಲಿಕ್ಕೆ ಹೊಲಿಯುವ ಮಡಿಕೆ) ಹಿಡಿದದ್ದರಿಂದ ಒಂದರ ಬೀಜ ಅರ್ಧ ಮಾಯ.

ಬದಿಯಡ್ಕದಲ್ಲಿ ಮದುವೆ, ಮೇ ತಿಂಗಳು. ಬೇರೆ ಬಟ್ಟೆ ತಂದಿರಲಿಲ್ಲ. ಅತ್ತೆ ಊಟದ ಸಾಲಿನಲ್ಲಿ "ಎಂತ ಮಾರಾಯ್ತಿ, ಬೀಜ ಹೆಕ್ಕಲಿಕ್ಕೆ ಹೊರಟದ್ದಾ?" ಅಂತ ಕೇಳಿದರು. ಆ ಸೆಕೆಗೆ ದುಪಟ್ಟಾ ಎದೆ ಮೇಲೆ ಹಿಡಿದುಕೊಂಡೇ ಪಾಯಸ ಕುಡಿದೆ. ಟೈಲರ್‌ದು ತಪ್ಪಲ್ಲ. ಚಿತ್ರಕ್ಕೆ ಮೇಲೆ ಕೆಳಗೆ ಇದ್ದರೆ ಬಟ್ಟೆ ಅರ್ಧ ಮೀಟರ್ ಜಾಸ್ತಿ ಬೇಕು, ಅದನ್ನು ನಾವೇ ಹೇಳಬೇಕು.

ಈಗ ನನ್ನ ಕ್ರಮ ಹೀಗೆ. ಮೊದಲು ಟೈಲರ್ ಹತ್ರ ಬಟ್ಟೆಯ ಮೇಲೆ ಅಳತೆ ಗೀರಿಸಿ, ಸುತ್ತ ಒಂದೂವರೆ ಇಂಚು ಬಿಟ್ಟು ಪೀಸು ಕತ್ತರಿಸಿ ತರುವುದು. ಹೊಲಿಗೆ ಆಮೇಲೆ. ಹಳೇ ಪೇಪರಿನಲ್ಲಿ ಚಿತ್ರವನ್ನು ಪೂರ್ತಿ ಸೈಜಿಗೆ ಕತ್ತರಿಸಿ, ಮೈಮೇಲಿನ ಹಳೇ ಕುರ್ತಿಗೆ ಪಿನ್ ಹಾಕಿ, ಅಂಗಳದ ಆ ತುದಿಯಿಂದ ಯಾರಾದರೂ ಫೋಟೋ ತೆಗೆಯಬೇಕು. ಕನ್ನಡಿ ಬೇಡ, ಕನ್ನಡಿಗೆ ನಾವು ಹತ್ತಿರ ಹೋಗಿಬಿಡ್ತೇವೆ. ಮೊಬೈಲಲ್ಲಿ ಫೋಟೋವನ್ನು ಕಪ್ಪುಬಿಳುಪು ಮಾಡಿ ನೋಡಿ. ಆಗಲೂ ಎಂತ ಅಂತ ಗೊತ್ತಾದರೆ ಚಿತ್ರ ಗಟ್ಟಿ ಉಂಟು. ನನಗೆ ನಾಲ್ಕು ಸಲ ಪೇಪರ್ ಸರಿಸಬೇಕಾಯಿತು. ಕೊನೆಗೆ ಒಂದೇ ಗೇರುಹಣ್ಣು, 14 ಇಂಚು, ಎಡ ಸೊಂಟದಿಂದ ಮೊಣಕಾಲಿನ ಕಡೆಗೆ ಓರೆಯಾಗಿ. ಕೆಳಗೆ ನೇತಾಡುವ ಬೀಜ ಮುಚ್ಚಿದ ಕಣ್ಣಿನ ಹಾಗೆ ಕಂಡಿತು. ಅದಕ್ಕೆ ಏಳು ರೆಪ್ಪೆ ಕೂದಲು ಎಳೆದೆ. ಬೇರೆ ಏನೂ ಸೇರಿಸಲಿಲ್ಲ. ಅದೇ ಅತ್ತೆ ಈಗ ತನಗೊಂದು ಬೇಕು ಅಂತಾರೆ.

ಸರ್ರಿಯಲ್ ಅಂದರೆ ವಿಚಿತ್ರ ವಸ್ತುಗಳ ಸಂತೆ ಅಲ್ಲ ಅಕ್ಕ. ಗೊತ್ತಿರುವ ಒಂದು ವಸ್ತು ಇರಬಾರದ ಜಾಗದಲ್ಲಿ, ಇರಬಾರದ ಗಾತ್ರದಲ್ಲಿ ಬಂದರೆ ಸಾಕು. 1937ರಲ್ಲಿ ಪ್ಯಾರಿಸ್‌ನ ಫ್ಯಾಶನ್ ಡಿಸೈನರ್ ಎಲ್ಸಾ ಸ್ಕ್ಯಾಪರೆಲ್ಲಿ ಒಂದು ಬಿಳಿ ಗೌನ್ ಮಾಡಿದರು. ಅದರ ಸ್ಕರ್ಟಿನ ಮುಂಭಾಗಕ್ಕೆ ಸರ್ರಿಯಲ್ ಚಿತ್ರಕಾರ ಸಾಲ್ವಡಾರ್ ಡಾಲಿ ಬರೆದುಕೊಟ್ಟದ್ದು ಒಂದೇ ಒಂದು ದೊಡ್ಡ ಕೆಂಪು ಲಾಬ್‌ಸ್ಟರ್, ದೊಡ್ಡ ಸಿಗಡಿಯ ಹಾಗಿನದ್ದು. ಪಕ್ಕದಲ್ಲಿ ಪಾರ್ಸ್ಲಿಯ ನಾಲ್ಕಾರು ಚಿಗುರು, ನಮ್ಮ ಕೊತ್ತಂಬರಿ ಸೊಪ್ಪು ಉದುರಿಸಿದ ಹಾಗೆ. ಉಳಿದದ್ದು ಖಾಲಿ ಬಟ್ಟೆ. ಆ ಖಾಲಿ ಜಾಗದಿಂದಲೇ ಅದಕ್ಕೆ ಧೈರ್ಯ. ಮರುವರ್ಷ ಅವರಿಬ್ಬರೂ ಹರಿದ ಚರ್ಮದ ಹಾಗೆ ಕಾಣುವ ಪ್ರಿಂಟ್ ಹಾಕಿದ ಗೌನ್ ಮಾಡಿದರು. ಬಟ್ಟೆ ಹರಿದಿಲ್ಲ, ಕಣ್ಣಿಗೆ ಹಾಗೆ ಕಾಣ್ತದೆ.

ಬೋಲ್ಡ್ ಬೇಕಾದರೆ ಪುನಃ ಪುನಃ ಹೊಡೆಯಬಾರದು ಅಂತಲೂ ಅಲ್ಲ. ಫಿನ್‌ಲ್ಯಾಂಡಿನ ಬಟ್ಟೆ ಕಂಪೆನಿ ಮಾರಿಮೆಕ್ಕೊಗೆ ಡಿಸೈನರ್ ಮಾಯಾ ಇಸೊಲಾ 1964ರಲ್ಲಿ ಬರೆದ ಉನಿಕ್ಕೊ ಗಸಗಸೆ ಹೂವು ರಿಪೀಟೇ. ಆದರೆ ಆ ಹೂವಿನ ಗಾತ್ರ ನೋಡಿ, ಬಣ್ಣಗಳನ್ನು ಎಣಿಸಿ. ಎರಡು ಇಂಚಿನ ಹನ್ನೆರಡು ಬಣ್ಣದ ಚಿಟ್ಟೆ ಅಲ್ಲ ಅದು.

ಚಿಟ್ಟೆಯೇ ಬೇಕಾದರೆ ಮಳೆಗಾಲದಲ್ಲಿ ಲೈಟಿನ ಹತ್ರ ಬರುವ ಅಟ್ಲಾಸ್ ಪತಂಗ ನೋಡಿ. ರೆಕ್ಕೆ ಬಿಚ್ಚಿದರೆ ಒಂದು ಗೇಣು, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯ ಹಾಗಿನ ಆಕಾರ. ಪತಂಗ ಆದ ಮೇಲೆ ಅದು ಉಣ್ಣುವುದೇ ಇಲ್ಲ. ಗೇರುಹಣ್ಣೂ ಹಾಗೆಯೇ ವಿಚಿತ್ರ. ನಾವು ಹಣ್ಣು ಅಂತ ತಿನ್ನುವುದು ಉಬ್ಬಿದ ತೊಟ್ಟು, ನಿಜವಾದ ಹಣ್ಣು ಕೆಳಗಿನ ಬೀಜ. ಇಷ್ಟೆಲ್ಲ ಹಿತ್ತಲಲ್ಲೇ ಇರುವಾಗ ಪಿಂಟರೆಸ್ಟ್‌ನ ಗಡಿಯಾರ ಯಾಕೆ? ಅದು ಡಾಲಿಯ 1931ರ ಚಿತ್ರದ್ದು. ಅವರು ತೀರಿಕೊಂಡದ್ದು 1989ರಲ್ಲಿ. ನಮ್ಮಲ್ಲಿ ಕಾಪಿರೈಟ್ ಕಲಾವಿದ ತೀರಿದ ಮೇಲೆ 60 ವರ್ಷ. ನೀವು ಮಾರುವವರು ಬೇರೆ, ಜಾಗ್ರತೆ.

ಬಟ್ಟೆಯ ಗಂಜಿ ತೆಗೆದಿದ್ದೀರಾ? ಫೋಟೋದಲ್ಲಿ ಬಟ್ಟೆ ಕಾಗದದ ಹಾಗೆ ನಿಂತಿದೆ. ರಾತ್ರಿ ನೆನೆಸಿ, ಒಗೆದು, ಒಣಗಿಸಿ, ಆಮೇಲೆಯೇ ಅಳತೆ. ಇಲ್ಲದಿದ್ದರೆ ಬಣ್ಣ ಗಂಜಿಯ ಮೇಲೆ ಕೂತು ಎರಡನೇ ಒಗೆತಕ್ಕೆ ಪದರ ಪದರ ಏಳ್ತದೆ, ಬಟ್ಟೆಯೂ ಕುಗ್ಗುತ್ತದೆ.

ಬಣ್ಣದ ವಿಷಯದಲ್ಲಿ ಜಗಳ ಬೇಡ. ಫೆವಿಕ್ರಿಲ್, ಕ್ಯಾಮ್ಲಿನ್ ಎರಡೂ ಕೈಯಲ್ಲಿ ಬರೆಯಲಿಕ್ಕೆ ಸಾಕು. 14 ಇಂಚಿನ ಹಣ್ಣಿಗೆ ಅದನ್ನೇ ದಪ್ಪ ಬಳಿದರೆ ರಟ್ಟಿನ ಹಾಗಾಗ್ತದೆ. ದೊಡ್ಡ ಜಾಗಕ್ಕೆ ಪಿಗ್ಮೆಂಟ್ (ಬಣ್ಣ) ಮತ್ತು ಬೈಂಡರ್ (ಅದನ್ನು ಬಟ್ಟೆಗೆ ಹಿಡಿಸುವ ಅಂಟು) ಕಲಸಿ ಸ್ಕ್ರೀನಲ್ಲೇ ಎಳೆಯಿರಿ. ಬೈಂಡರ್ ಕಡಿಮೆ ಹಾಕಿ ದುಡ್ಡು ಉಳಿಸಬೇಡಿ. ಕಪ್ಪು ಬಟ್ಟೆಗೆ ಈ ಮಿಶ್ರಣ ಕಾಣುವುದೇ ಇಲ್ಲ, ಮೊದಲು ಅಡಿಯಲ್ಲಿ ಬಿಳಿ ಬಣ್ಣ ಬೇಕು. ಪಾಲಿಯೆಸ್ಟರ್‌ಗೆ ಈ ಕ್ರಮ ಬೇಡ. ಬಣ್ಣ ಮೂರಕ್ಕಿಂತ ಜಾಸ್ತಿ ಬೇಡ.

ಒಂದು ದಿನ ಒಣಗಲಿ. ಆಟಿಯ ಜೋರು ಮಳೆಯ ತಿಂಗಳಲ್ಲಾದರೆ ಎರಡು ಮೂರು ದಿನ, ಮುಟ್ಟಿದರೆ ಅಂಟಬಾರದು. ಆಮೇಲೆ ಒಳಮಗ್ಗುಲಿನಿಂದ ಇಸ್ತ್ರಿ, ಕಾಟನ್ ಬಿಸಿ, ಸ್ಟೀಮ್ ಬೇಡ. ಒಂದೊಂದು ಜಾಗಕ್ಕೆ ನಾಲ್ಕೈದು ನಿಮಿಷ, ಕೈ ಆಡಿಸ್ತಾ ಇರಿ. ಮೂರು ದಿನ ನೀರು ಮುಟ್ಟಿಸಬೇಡಿ. ಮೊದಲು ಗೇಣುದ್ದದ ತುಂಡಿನಲ್ಲಿ ಮಾಡಿ ಮೂರು ಸಲ ಒಗೆದು ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಗುಂಪಿಗೆ ಬಂದು ಅಳುವುದು.

ಸೀರೆಗೂ ಹಾಕುವ ಆಲೋಚನೆ ಉಂಟು ಅಂದಿರಿ. ಸೀರೆಯನ್ನು ನೆಲದಲ್ಲಿ ಹರಡಿ ಜಾಗ ಗುರುತಿಸಬೇಡಿ. ಉಟ್ಟು ನೋಡಿ, ಮೊದಲ ನೆರಿಗೆಯ ಮುಖಕ್ಕೆ, ಭುಜದಿಂದ ಇಳಿಯುವ ಸೆರಗಿಗೆ ಚಾಕ್ ಗುರುತು ಹಾಕಿ, ಮತ್ತೆ ಬಿಚ್ಚಿ. ಸೊಂಟಕ್ಕೆ ಸಿಕ್ಕಿಸುವ ಭಾಗಕ್ಕೆ ಹಾಕಿದ ಹೂವು ನಿಮಗೂ ಕಾಣುವುದಿಲ್ಲ. ನಮ್ಮ ಕಾಸರಗೋಡು ಸೀರೆಯ ಮೇಲೆ ಮಾತ್ರ ಪ್ರಿಂಟ್ ಹೊಡೆಯಬೇಡಿ, ಆ ನೇಯ್ಗೆಗೆ ಅದರದ್ದೇ ಗೆರೆ ಉಂಟು.

ನಿಮ್ಮ ದಾಸವಾಳ ಚೆನ್ನಾಗಿದೆ. ಅದರ ಉದ್ದದ ಕೇಸರ ಕುರ್ತಿಯ ಬದಿಯ ಹೊಲಿಗೆ ದಾಟಿ ಹಿಂದಕ್ಕೆ ಹೋಗಲಿ. ನಾಳೆ ಪೇಪರ್ ಪಿನ್ ಹಾಕಿ ಫೋಟೋ ಹಾಕಿ, ಹಿಂದಿನದ್ದೂ.