ಎಲೆಕ್ಟ್ರಿಕ್ ಗಿಟಾರ್‌ನ ನಾದಕ್ಕೆ ಪಿಕಪ್ ಮುಖ್ಯವೋ, ಮರ ಮುಖ್ಯವೋ?

ನನ್ನ ಓಟು ಪಿಕಪ್‌ಗೇ. ಅದು ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಗೊತ್ತಾಗುವುದು ತಂತಿಯ ಅದುರು ಮಾತ್ರ, ಮರದ ಸದ್ದಲ್ಲ.

ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಗಿಟಾರ್‌ನ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್, ಗರಿಗರಿಯಾಗಿ ಕೇಳುತ್ತದೆ, ಆದರೆ ಜೊತೆಗೆ ಗುಂಯ್ ಅನ್ನುತ್ತದೆ. ಆ ಗುಂಯ್ ಅಡಗಿಸಲು 1955ರಲ್ಲಿ ಗಿಬ್ಸನ್ ಗಿಟಾರ್ ಕಂಪನಿಯ ಸೇತ್ ಲವರ್ ಎರಡು ಸುರುಳಿ ಜೋಡಿಸಿ ಹಂಬಕರ್ ಎಂಬ ಪಿಕಪ್ ಮಾಡಿದರು. ಅದರ ದನಿ ದಪ್ಪ.

ಮರ ಬದಲಾದರೆ ತಂತಿ ಅದುರುವ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು, ಅಷ್ಟೇ. ಹೆಗಲಿಗೆ ಬೀಳುವ ತೂಕದಲ್ಲಿ ಜಾಸ್ತಿ!

ಹೊಸ ಗಿಟಾರ್ ಕೊಳ್ಳುವ ಮುಂಚೆ ಈಗಿರುವ ಗಿಟಾರ್‌ನಲ್ಲೇ ಪಿಕಪ್ ಪಕ್ಕದ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಕೇಳಿ. ಪಿಕಪ್ ಮೇಲೇರಿ ತಂತಿಗೆ ಹತ್ತಿರವಾದಷ್ಟೂ ಸದ್ದು ಜೋರು. ತೀರಾ ಹತ್ತಿರ ಬೇಡ, ಆಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ.